ಪಂಚಾಯತಿಯ ದಾಖಲೆ ಗಣಕಯಂತ್ರದಲ್ಲಿ ಎಲ್ಲಿರುತ್ತದೆ? ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ವ್ಯವಸ್ಥೆಗಳ ಮೂಲ ಫೋಲ್ಡರುಗಳು

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಒಂದು ಗ್ರಾಮ ಪಂಚಾಯತಿಯ ಗಣಕಯಂತ್ರ ತೀರ ನಿಧಾನವಾಗಿದೆಯೆಂದು ಭಾವಿಸೋಣ. ಬೆಳಿಗ್ಗೆ ಗುಂಡಿ ಒತ್ತಿದರೆ ಪರದೆ ತೆರೆದುಕೊಳ್ಳುವಷ್ಟರಲ್ಲಿ ಕಾಲು ಗಂಟೆ ಕಳೆಯುತ್ತದೆ; ಹೊರಗೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ತಾಲ್ಲೂಕು ಕೇಂದ್ರದಿಂದ ದುರಸ್ತಿಯವರನ್ನು ಕರೆಸಲಾಗುತ್ತದೆ. ಅವರು ಯಂತ್ರವನ್ನು ನೋಡಿ, "ಫಾರ್ಮ್ಯಾಟ್ ಮಾಡಬೇಕು. ಸಿ ಡ್ರೈವ್ ಮಾತ್ರ ಹೋಗುತ್ತದೆ, ಡಿ ಡ್ರೈವಿನಲ್ಲಿರುವುದು ಹಾಗೆಯೇ ಇರುತ್ತದೆ" ಎನ್ನುತ್ತಾರೆ. ಡಾಟಾ ಎಂಟ್ರಿ ಆಪರೇಟರ್ ನಿಶ್ಚಿಂತೆಯಿಂದ ಒಪ್ಪುತ್ತಾರೆ. ಅವರು ಸಿ ಡ್ರೈವನ್ನು ತೆರೆದು ಅದರಲ್ಲಿ ಎಂದೂ ಏನನ್ನೂ ಇಟ್ಟವರಲ್ಲ. ಅವರ ಕೆಲಸವೆಲ್ಲ ಕಣ್ಣೆದುರಿನ ಪರದೆಯ ಮೇಲೆಯೇ, ಅಂದರೆ ಡೆಸ್ಕ್‌ಟಾಪಿನಲ್ಲಿ, ಸಾಲಾಗಿ ಇದೆ. ಎರಡು ಗಂಟೆಗಳ ನಂತರ ಯಂತ್ರ ಹೊಸದರಂತೆ ಓಡುತ್ತದೆ. ಪರದೆ ಮಾತ್ರ ಖಾಲಿ. ಸಭಾ ನಡಾವಳಿಗಳ ಬೆರಳಚ್ಚು ಪ್ರತಿಗಳು, ನೀರಿನ ಮೋಟಾರು ದುರಸ್ತಿಯ ಪತ್ರವ್ಯವಹಾರ, ವಾರ್ಡ್ ಸಭೆಗಳಲ್ಲಿ ಬಂದ ಬೇಡಿಕೆಗಳ ಪಟ್ಟಿ, ಚರಂಡಿ ಕಾಮಗಾರಿಯ ಆರಂಭದ ಛಾಯಾಚಿತ್ರಗಳು, ಯಾವುದೂ ಇಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ದುರಸ್ತಿಯವರು ಹೇಳಿದ್ದು ನಿಜ. ಸಿ ಡ್ರೈವ್ ಮಾತ್ರ ಹೋಯಿತು. ಆದರೆ ಡೆಸ್ಕ್‌ಟಾಪ್ ಎಂಬುದು ಸಿ ಡ್ರೈವಿನ ಒಳಗೇ ಇರುವ ಒಂದು ಫೋಲ್ಡರ್ ಎಂಬ ಸಂಗತಿ ಆ ಕೊಠಡಿಯಲ್ಲಿದ್ದ ಒಬ್ಬರಿಗೆ ತಿಳಿದಿತ್ತು, ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಯಂತ್ರದ ಒಳಗಿನ ವಿಳಾಸಗಳ ಪರಿಚಯ ಜನಪ್ರತಿನಿಧಿಗಳಿಗೂ ಇರಬೇಕೆನ್ನುವುದಕ್ಕೆ ಇದೇ ಕಾರಣ. ಸದಸ್ಯರು ಯಂತ್ರವನ್ನು ತಾವೇ ನಡೆಸಬೇಕಾಗಿಲ್ಲ. ಆದರೆ ಅದರಲ್ಲಿರುವ ದಾಖಲೆ ಪಂಚಾಯತಿಯದು. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕಾರ 'ದಾಖಲೆ' ಎಂಬುದರಲ್ಲಿ ಕಾಗದದ ಕಡತವಷ್ಟೇ ಅಲ್ಲ, ಗಣಕಯಂತ್ರದಿಂದ ಸಿದ್ಧವಾದ ಸಾಮಗ್ರಿಯೂ ಸೇರಿದೆ. ನಾಳೆ ಗ್ರಾಮಸ್ಥರೊಬ್ಬರು ಆ ಛಾಯಾಚಿತ್ರವನ್ನು ಕೇಳಿದರೆ "ಫಾರ್ಮ್ಯಾಟ್ ಆಯಿತು" ಎಂಬ ಉತ್ತರ ಯಾರಿಗೂ ಸಮಾಧಾನ ತರುವುದಿಲ್ಲ.

ಇ-ಸ್ವತ್ತು, ಪಂಚತಂತ್ರ ಮೊದಲಾದ ತಂತ್ರಾಂಶಗಳಲ್ಲಿ ನಮೂದಿಸಿದ ಮಾಹಿತಿ ದೂರದ ಸರ್ವರಿನಲ್ಲಿರುತ್ತದೆ. ಕಚೇರಿಯ ಯಂತ್ರ ಸುಟ್ಟುಹೋದರೂ ಅದು ಉಳಿಯುತ್ತದೆ. ಇದನ್ನು ತಿಳಿದ ಕೆಲವರು "ಎಲ್ಲವೂ ಆನ್‌ಲೈನ್ ಇದೆಯಲ್ಲ" ಎಂದು ನೆಮ್ಮದಿಯಿಂದಿರುವುದುಂಟು. ಎಲ್ಲವೂ ಇಲ್ಲ. ನಮೂದಿಗೆ ಮುಂಚಿನ ಕರಡು, ನಮೂದಿನ ನಂತರದ ಪತ್ರ, ಸ್ಕ್ಯಾನ್ ಮಾಡಿದ ಅರ್ಜಿ, ಕಾಮಗಾರಿಯ ಚಿತ್ರ ಇವೆಲ್ಲ ಆ ಮೇಜಿನ ಮೇಲಿನ ಯಂತ್ರದಲ್ಲಿಯೇ ಇರುತ್ತವೆ.

ಮುಂದುವರಿಯುವ ಮೊದಲು ಪದಗಳ ಬಗ್ಗೆ ಒಂದು ಮಾತು. ಕಚೇರಿಯ ಕನ್ನಡದಲ್ಲಿ 'ಕಡತ' ಎಂದರೆ ದಾರ ಕಟ್ಟಿದ ಕಾಗದದ ಕಟ್ಟು. ಗೊಂದಲವಾಗದಿರಲೆಂದು ಇಲ್ಲಿ ಗಣಕಯಂತ್ರದ್ದನ್ನು 'ಫೈಲು' ಎಂದೇ, ಫೈಲುಗಳನ್ನು ಇಡುವ ಜಾಗವನ್ನು 'ಫೋಲ್ಡರ್' ಎಂದೇ ಕರೆಯಲಾಗಿದೆ. ಯಂತ್ರವನ್ನು ಎಬ್ಬಿಸಿ, ಪರದೆ, ಕೀಲಿಮಣೆ, ಪ್ರಿಂಟರ್ ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಇವು ಅಂತಹ ವ್ಯವಸ್ಥೆಗಳು.

ಈ ಮೂರರ ಒಳರಚನೆ ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ, ಪ್ರತಿಯೊಂದರಲ್ಲಿಯೂ ಮೂರು ಬಗೆಯ ವಾರಸುದಾರರಿದ್ದಾರೆ. ಮೊದಲನೆಯದು ವ್ಯವಸ್ಥೆಯೇ, ಅದರ ಫೋಲ್ಡರುಗಳಿಗೆ ಕೈ ಹಾಕಿದರೆ ಯಂತ್ರ ಏಳುವುದಿಲ್ಲ. ಎರಡನೆಯದು ಹೊರಗಿನಿಂದ ತಂದು ಅಳವಡಿಸಿದ ತಂತ್ರಾಂಶಗಳು. ಮೂರನೆಯದು ಬಳಕೆದಾರರು, ಅಂದರೆ ಕಚೇರಿಯ ಸಿಬ್ಬಂದಿ ಮತ್ತು ಅವರ ಕೆಲಸ. ಸಾಮಾನ್ಯವಾಗಿ ಜನ ಮೊದಲನೆಯದಕ್ಕೆ ಅಂಜುತ್ತಾರೆ, ಮೂರನೆಯದನ್ನು ಕಡೆಗಣಿಸುತ್ತಾರೆ. ವಾಸ್ತವದಲ್ಲಿ ವ್ಯವಸ್ಥೆಯ ಫೋಲ್ಡರ್ ಪೂರ್ತಿ ನಾಶವಾದರೂ ಒಂದು ಪೆನ್‌ಡ್ರೈವಿನಿಂದ ಅರ್ಧ ದಿನದಲ್ಲಿ ಮರಳಿ ತರಬಹುದು. ಅದರ ಪ್ರತಿ ಜಗತ್ತಿನ ಎಲ್ಲೆಡೆ ಇದೆ. ನಡಾವಳಿಯ ಪ್ರತಿ ಬೇರೆಲ್ಲಿಯೂ ಇಲ್ಲ.

ಈಗ ವಿಂಡೋಸ್. ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಮೊದಲಿಗೆ, ಡ್ರೈವು 'ಸಿ'ಯಿಂದಲೇ ಏಕೆ ಆರಂಭವಾಗುತ್ತದೆ? ಹಿಂದಿನ ಯಂತ್ರಗಳಲ್ಲಿ 'ಎ' ಮತ್ತು 'ಬಿ' ಅಕ್ಷರಗಳು ಫ್ಲಾಪಿ ತಟ್ಟೆಗಳಿಗೆ ಮೀಸಲಾಗಿದ್ದವು. 1983ರಲ್ಲಿ ಐಬಿಎಂ ಸಂಸ್ಥೆಯ ಪಿಸಿ ಎಕ್ಸ್‌ಟಿ ಯಂತ್ರ 10 ಮೆಗಾಬೈಟ್ ಹಾರ್ಡ್ ಡಿಸ್ಕಿನೊಂದಿಗೆ ಬಂದಾಗ ಅದಕ್ಕೆ ಮೂರನೆಯ ಅಕ್ಷರ ದೊರೆಯಿತು. ಇಂದಿನ ಮೊಬೈಲಿನಲ್ಲಿ ತೆಗೆದ ನಾಲ್ಕಾರು ಚಿತ್ರಗಳಿಗೇ ಅಷ್ಟು ಜಾಗ ತುಂಬಿಹೋಗುತ್ತದೆ. ಫ್ಲಾಪಿಗಳು ಮಾಯವಾದವು, ಅಕ್ಷರ ಉಳಿಯಿತು. ಆ ಯಂತ್ರದೊಂದಿಗೆ ಬಂದ ಡಾಸ್ ವ್ಯವಸ್ಥೆಯ ಎರಡನೆಯ ಆವೃತ್ತಿಯಲ್ಲಿಯೇ ಫೋಲ್ಡರಿನೊಳಗೆ ಫೋಲ್ಡರ್ ಇಡುವ ಅನುಕೂಲವೂ ಬಂದಿತು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ವಿಳಾಸ ಬರೆಯುವಾಗ ಮುಂದಕ್ಕೆ ಬಾಗಿದ ಗೆರೆ, ವಿಂಡೋಸಿನಲ್ಲಿ ಹಿಂದಕ್ಕೆ ಬಾಗಿದ ಗೆರೆ ಬಳಸುವುದಕ್ಕೂ ಕಾರಣ ಅಲ್ಲಿಯೇ ಇದೆ. ಮುಂದಕ್ಕೆ ಬಾಗಿದ ಗೆರೆಯನ್ನು ಡಾಸಿನ ಮೊದಲ ಆವೃತ್ತಿ ಆಗಲೇ ಬೇರೆ ಕೆಲಸಕ್ಕೆ ಬಳಸಿಕೊಂಡಿತ್ತು.

ಸಿ ಡ್ರೈವನ್ನು ತೆರೆದರೆ ಮುಖ್ಯವಾಗಿ ಕಾಣುವುದು ವಿಂಡೋಸ್, ಪ್ರೋಗ್ರಾಮ್ ಫೈಲ್ಸ್ ಮತ್ತು ಯೂಸರ್ಸ್ ಎಂಬ ಫೋಲ್ಡರುಗಳು. ಮೇಲೆ ಹೇಳಿದ ಮೂವರು ವಾರಸುದಾರರು ಇವರೇ. ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32 ಈ ವ್ಯವಸ್ಥೆಯ ಜೀವಾಳ. ಯಂತ್ರ ಏಳಲು ಬೇಕಾದ ಕಾರ್ಯಕ್ರಮಗಳು, ಪ್ರಿಂಟರು, ಸ್ಕ್ಯಾನರುಗಳನ್ನು ನಡೆಸುವ ಡ್ರೈವರುಗಳು, ಯಂತ್ರದ ಸಮಸ್ತ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿ ಎಂಬ ವಹಿ ಇವೆಲ್ಲ ಅಲ್ಲಿವೆ. ಇದರ ಪಕ್ಕದಲ್ಲಿ ಸಿಸ್‌ವಾವ್64 ಎಂಬ ಇನ್ನೊಂದು ಫೋಲ್ಡರ್ ಇದೆ. 64 ಬಿಟ್ ಯಂತ್ರಗಳಲ್ಲಿ ಒಂದು ವಿಚಿತ್ರವಿದೆ: 32 ಎಂಬ ಹೆಸರಿನ ಫೋಲ್ಡರಿನಲ್ಲಿ 64 ಬಿಟ್ ಫೈಲುಗಳೂ, 64 ಎಂಬ ಹೆಸರಿನದರಲ್ಲಿ ಹಳೆಯ 32 ಬಿಟ್ ಫೈಲುಗಳೂ ಇರುತ್ತವೆ. ಹಳೆಯ ಹೆಸರನ್ನು ನಂಬಿ ಬರೆಯಲಾದ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ಕೆಡದಿರಲೆಂದು ಹೆಸರನ್ನು ಹಾಗೆಯೇ ಬಿಡಲಾಯಿತು. "ನಮ್ಮದು 64 ಬಿಟ್ ಯಂತ್ರ, 32 ಏಕೆ ಬೇಕು" ಎಂದು ಹೆಸರು ನೋಡಿ ಅಳಿಸಲು ಹೊರಟವರ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ. ಈಚಿನ ವಿಂಡೋಸ್ ಇಂತಹ ಪ್ರಯತ್ನವನ್ನು ಸುಲಭಕ್ಕೆ ಬಿಡುವುದಿಲ್ಲ. ಈ ಫೈಲುಗಳ ಒಡೆತನವನ್ನು ಯಂತ್ರದ ಆಡಳಿತಗಾರನಿಗೂ ಕೊಡದೆ ವ್ಯವಸ್ಥೆಯೇ ತನ್ನ ಬಳಿ ಇಟ್ಟುಕೊಂಡಿದೆ.

ಫೈಲು ಅಳಿಸಿರೆಂದು ಹೇಳುವ ಸಂದೇಶಗಳ ಬಗ್ಗೆ ಇಲ್ಲಿಯೇ ಹೇಳುವುದು ಉಚಿತ. 2002ರಲ್ಲಿ ಅನೇಕ ದೇಶಗಳಲ್ಲಿ ಒಂದು ಮಿಂಚಂಚೆ ಹರಡಿತು. 'ನಿಮ್ಮ ಯಂತ್ರದ ವಿಂಡೋಸ್ ಫೋಲ್ಡರಿನಲ್ಲಿ ಕರಡಿಮರಿಯ ಚಿತ್ರವಿರುವ ಒಂದು ಫೈಲು ಇದೆಯೇ ನೋಡಿ, ಅದು ವೈರಸ್, ವೈರಸ್ ನಿರೋಧಕಕ್ಕೂ ಸಿಗುವುದಿಲ್ಲ, ಕೂಡಲೇ ಅಳಿಸಿ, ಎಲ್ಲರಿಗೂ ತಿಳಿಸಿ' ಎಂಬುದು ಅದರ ಸಾರ. ಜನ ಹುಡುಕಿದರು, ಕರಡಿಮರಿ ನಿಜವಾಗಿಯೂ ಇತ್ತು, ಗಾಬರಿಯಿಂದ ಅಳಿಸಿದರು. ಅದು ವಿಂಡೋಸಿನದೇ ಆದ ನಿರುಪದ್ರವಿ ಫೈಲಾಗಿತ್ತು. ಅದಕ್ಕೂ ಹಿಂದಿನ ವರ್ಷ ವಿಂಡೋಸ್ 98ರ ಇನ್ನೊಂದು ಫೈಲಿನ ಬಗ್ಗೆ ಇಂತಹುದೇ ವದಂತಿ ಹಬ್ಬಿತ್ತು. ಹಾನಿ ಮಾಡಲು ವೈರಸ್ಸೇ ಬೇಕಾಗಿರಲಿಲ್ಲ, ಸಂದೇಶವೊಂದೇ ಸಾಕಾಯಿತು. ಮಿಂಚಂಚೆಯ ಕಾಲದಲ್ಲಿ ನಡೆದದ್ದು ವಾಟ್ಸಾಪ್ ಗುಂಪುಗಳ ಈ ಕಾಲದಲ್ಲಿ ಇನ್ನೂ ವೇಗವಾಗಿ ನಡೆಯಬಲ್ಲದು.

ಸಿ ಡ್ರೈವ್ ತುಂಬಿತೆಂಬ ದೂರು ಎಲ್ಲೆಡೆ ಇದೆ. ತುಂಬಿಸುವವರು ಯಾರೆಂದು ನೋಡಿದರೆ ಹೆಚ್ಚಿನ ಪಾಲು ವ್ಯವಸ್ಥೆಯದೇ. ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್ ಹಲವು ಗಿಗಾಬೈಟ್ ತೋರಿಸುತ್ತದೆ. ಅದು ವಿಂಡೋಸಿನ ಬಿಡಿಭಾಗಗಳ ಉಗ್ರಾಣ. ಅಲ್ಲಿರುವ ಒಂದೇ ಫೈಲು ಎರಡು ವಿಳಾಸಗಳಲ್ಲಿ ಕಾಣಿಸಿಕೊಳ್ಳುವುದರಿಂದ ತೋರುವ ಗಾತ್ರವೂ ಪೂರ್ತಿ ನಿಜವಲ್ಲ. ಅದನ್ನು ಕೈಯಿಂದ ಅಳಿಸಬಾರದು. ವಿಂಡೋಸ್.ಓಲ್ಡ್ ಎಂಬುದು ಹೊಸ ಆವೃತ್ತಿ ಹಾಕಿಸಿಕೊಂಡಾಗ ಹಳೆಯದನ್ನು ಎತ್ತಿಟ್ಟ ಜಾಗ. ಸಾಮಾನ್ಯವಾಗಿ 10 ದಿನಗಳ ನಂತರ ತಾನಾಗಿಯೇ ಹೋಗುತ್ತದೆ. ಅಷ್ಟರೊಳಗೆ ಕಾಣೆಯಾದ ಫೈಲು ಕೆಲವೊಮ್ಮೆ ಅಲ್ಲಿಯೇ ಸಿಗುವುದುಂಟು, ಆದ್ದರಿಂದ ಅವಸರಪಟ್ಟು ಅಳಿಸುವುದು ಬೇಡ. ಟೆಂಪ್ ಎಂಬ ಫೋಲ್ಡರುಗಳಲ್ಲಿ ಇರುವುದು ತಾತ್ಕಾಲಿಕ ಫೈಲುಗಳು. ಇವನ್ನೆಲ್ಲ ಶುಚಿಗೊಳಿಸಲು ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬ ಭಾಗವಿದೆ. ಏನನ್ನು ತೆಗೆಯಬಹುದೆಂದು ವಿಂಡೋಸ್ ತಾನೇ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಹೆಸರೂ ಇರುತ್ತದೆ. ಅದರ ಮುಂದೆ ಗುರುತು ಹಾಕುವ ಮೊದಲು ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಅದು ವ್ಯವಸ್ಥೆಯದಲ್ಲ, ಕಚೇರಿಯದು.

ಯೂಸರ್ಸ್ ಫೋಲ್ಡರಿಗೆ ಬರೋಣ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಇದರ ಹೆಸರು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಎಂದಿತ್ತು. ವಿಸ್ಟಾದಿಂದ ಮುಂದೆ ಯೂಸರ್ಸ್ ಆಯಿತು. ಯಂತ್ರದಲ್ಲಿ ಎಷ್ಟು ಹೆಸರಿನ ಖಾತೆಗಳಿವೆಯೋ ಅಷ್ಟು ಉಪಫೋಲ್ಡರುಗಳು ಇದರಲ್ಲಿರುತ್ತವೆ, ಪ್ರತಿಯೊಂದರಲ್ಲಿಯೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇರುತ್ತವೆ. ಸಿಬ್ಬಂದಿ ಬದಲಾದಾಗ ಹಳಬರ ಹೆಸರಿನ ಖಾತೆಯನ್ನು ಫೈಲುಗಳ ಸಹಿತ ಅಳಿಸಿದರೆ ಅವರ ಡೆಸ್ಕ್‌ಟಾಪೂ ಹೋಗುತ್ತದೆ. ಇದೇ ಫೋಲ್ಡರಿನಲ್ಲಿ ಆಪ್‌ಡೇಟಾ ಎಂಬ ಅಡಗಿದ ಭಾಗವೊಂದಿದೆ. ಬ್ರೌಸರಿನಲ್ಲಿ ಉಳಿಸಿದ ಗುರುತುಗಳು, ಕೆಲವು ಮಿಂಚಂಚೆ ತಂತ್ರಾಂಶಗಳ ಪತ್ರಗಳು ಅಲ್ಲಿರುತ್ತವೆ. ಡೆಸ್ಕ್‌ಟಾಪನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡವರು ಇದನ್ನು ಮರೆತಿರುತ್ತಾರೆ.

ಇವೆಲ್ಲ ಸಿ ಡ್ರೈವಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಡಾಕ್ಯುಮೆಂಟ್ಸ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬ ಪುಟವಿದೆ. ಅಲ್ಲಿ ಡಿ ಡ್ರೈವಿನ ವಿಳಾಸ ಕೊಟ್ಟರೆ ಮುಂದೆ ಉಳಿಸಿದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಡೆಸ್ಕ್‌ಟಾಪನ್ನೂ ಹೀಗೆಯೇ ಸ್ಥಳಾಂತರಿಸಬಹುದು. ಆದರೆ ಅನೇಕ ಯಂತ್ರಗಳಲ್ಲಿ ಸಿ ಮತ್ತು ಡಿ ಎಂಬುವು ಎರಡು ಡಿಸ್ಕುಗಳಲ್ಲ, ಒಂದೇ ಡಿಸ್ಕನ್ನು ಎರಡಾಗಿ ಭಾಗ ಮಾಡಿದ್ದು. ಒಂದೇ ಹೊಲಕ್ಕೆ ನಡುವೆ ಬದು ಹಾಕಿದಂತೆ. ಫಾರ್ಮ್ಯಾಟಿನಿಂದ ಡಿ ಪಾರಾಗುತ್ತದೆ, ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ. ಈಚಿನ ಯಂತ್ರಗಳಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಎಂಬುದರೊಳಗೆ ಸರಿದಿರಬಹುದು. ಉಚಿತವಾಗಿ ಅಲ್ಲಿ ದೊರೆಯುವುದು 5 ಗಿಗಾಬೈಟ್ ಮಾತ್ರ, ಮತ್ತು ಆ ಖಾತೆ ಯಾರ ಸ್ವಂತ ಮೊಬೈಲ್ ಸಂಖ್ಯೆಯಲ್ಲಿದೆಯೋ ದಾಖಲೆಯ ಕೀಲಿಕೈ ಅವರ ಬಳಿ ಇರುತ್ತದೆ. ವರ್ಗಾವಣೆಯಾದವರ ಖಾತೆಯಲ್ಲಿ ಪಂಚಾಯತಿಯ ಡೆಸ್ಕ್‌ಟಾಪ್ ಸಿಕ್ಕಿಕೊಂಡರೆ ಬಿಡಿಸುವುದು ಸುಲಭವಲ್ಲ.

ಲಿನಕ್ಸಿನಲ್ಲಿ ಡ್ರೈವುಗಳ ಅಕ್ಷರಗಳೇ ಇಲ್ಲ. ಇಡೀ ಯಂತ್ರ ಒಂದೇ ಮರ. ಅದರ ಬುಡಕ್ಕೆ 'ರೂಟ್', ಅಂದರೆ ಬೇರು, ಎಂದು ಹೆಸರು, ಬರೆಯುವುದು ಒಂದು ಓರೆಗೆರೆಯಿಂದ: /. ಪೆನ್‌ಡ್ರೈವ್ ಚುಚ್ಚಿದರೂ ಹೊಸ ಅಕ್ಷರ ಹುಟ್ಟುವುದಿಲ್ಲ. ಉಬುಂಟುವಿನಂತಹ ವಿತರಣೆಗಳಲ್ಲಿ ಅದು ಮೀಡಿಯಾ ಎಂಬ ಕೊಂಬೆಗೆ ಬಂದು ಸೇರಿಕೊಳ್ಳುತ್ತದೆ. ವಿಂಡೋಸಿನ ಸಿಸ್ಟಮ್32 ಮಾಡುವ ಕೆಲಸವನ್ನು ಇಲ್ಲಿ ಹಲವು ಫೋಲ್ಡರುಗಳು ಹಂಚಿಕೊಂಡಿವೆ. ಯಂತ್ರ ಏಳಿಸುವ ಫೈಲುಗಳು ಬೂಟ್‌ನಲ್ಲಿ, ಆಜ್ಞೆಗಳು ಬಿನ್‌ನಲ್ಲಿ, ಅವುಗಳಿಗೆ ಬೇಕಾದ ಗ್ರಂಥಾಲಯಗಳು ಲಿಬ್‌ನಲ್ಲಿ. ರಿಜಿಸ್ಟ್ರಿಯಂತಹ ಒಂದೇ ದೊಡ್ಡ ವಹಿ ಇಲ್ಲ. ಹೊಂದಾಣಿಕೆಗಳು ಇಟಿಸಿ ಎಂಬ ಫೋಲ್ಡರಿನಲ್ಲಿ ಬಿಡಿ ಬಿಡಿ ಪಠ್ಯ ಫೈಲುಗಳಾಗಿ ಇರುತ್ತವೆ, ತೆರೆದು ಓದಬಹುದು. ದಿನದಿನಕ್ಕೆ ಬೆಳೆಯುವ ಲಾಗ್ ದಾಖಲೆ, ಪ್ರಿಂಟಿಗೆ ಸರದಿಯಲ್ಲಿ ನಿಂತ ಕಾಗದ ಇಂತಹವು ವಾರ್ ಎಂಬಲ್ಲಿ. ಜನರ ಕೆಲಸವೆಲ್ಲ ಹೋಮ್ ಎಂಬಲ್ಲಿ. ವಿವಿಧ ಲಿನಕ್ಸ್ ವಿತರಣೆಗಳು ಒಂದೊಂದು ದಾರಿ ಹಿಡಿಯದಿರಲೆಂದು 1994ರಿಂದ ಇದಕ್ಕೊಂದು ಲಿಖಿತ ಮಾನದಂಡವನ್ನು ರೂಪಿಸಲಾಗಿದೆ. ಅದರ ಮೂರನೆಯ ಆವೃತ್ತಿ 2015ರಲ್ಲಿ ಬಂದಿತು.

ಯುಎಸ್‌ಆರ್ ಎಂಬ ಫೋಲ್ಡರಿನ ಕಥೆ ಪಂಚಾಯತಿಯವರಿಗೆ ಬೇಗ ಅರ್ಥವಾಗುವಂಥದು. ಲಿನಕ್ಸಿನ ಮೂಲಮಾದರಿ ಯುನಿಕ್ಸ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಕಟ್ಟುತ್ತಿದ್ದ ಆರಂಭದ ದಿನಗಳಲ್ಲಿ ಈ ಫೋಲ್ಡರಿನಲ್ಲಿ ಇದ್ದದ್ದು ಬಳಕೆದಾರರ ಫೈಲುಗಳು. ಹೆಸರೂ ಅದನ್ನೇ ಸೂಚಿಸುತ್ತದೆ. ಮೊದಲ ಡಿಸ್ಕಿನಲ್ಲಿ ಜಾಗ ಸಾಲದೆ ಬಂದಾಗ ವ್ಯವಸ್ಥೆಯ ಕಾರ್ಯಕ್ರಮಗಳು ಬಳಕೆದಾರರ ಡಿಸ್ಕಿಗೂ ಹರಿದು ಬಂದವು. ಕ್ರಮೇಣ ಬಳಕೆದಾರರೇ ಎದ್ದು ಬೇರೆ ಕಡೆಗೆ ಹೋದರು. ಲಿನಕ್ಸಿನಲ್ಲಿ ಅವರ ಮನೆ ಹೋಮ್ ಆಯಿತು. ಸಭಾಂಗಣದಲ್ಲಿ ಸಿಮೆಂಟ್ ಮೂಟೆ ಇಡಲು ಆರಂಭಿಸಿ, ಕೊನೆಗೆ ಸಭೆಯನ್ನೇ ಶಾಲೆಯ ಜಗಲಿಗೆ ಒಯ್ದಂತೆ. ಯುಎಸ್‌ಆರ್ ಇಂದು ವ್ಯವಸ್ಥೆ ಮತ್ತು ತಂತ್ರಾಂಶಗಳ ಜಾಗ, ಅಲ್ಲಿ ಯಾವ ಬಳಕೆದಾರರ ಫೈಲೂ ಇರುವುದಿಲ್ಲ. ಹೆಸರನ್ನು ನೋಡಿ ವಾರಸುದಾರರನ್ನು ಊಹಿಸಬಾರದೆಂಬುದಕ್ಕೆ ಸಿಸ್ಟಮ್32ರ ನಂತರ ಇದು ಎರಡನೆಯ ಸಾಕ್ಷಿ.

ಲಿನಕ್ಸಿನಲ್ಲಿ ಮೆಚ್ಚಬೇಕಾದದ್ದು ಹೋಮ್ ಫೋಲ್ಡರಿನ ಪ್ರತ್ಯೇಕತೆ. ವ್ಯವಸ್ಥೆಯನ್ನು ಅಳವಡಿಸುವಾಗಲೇ ಹೋಮ್‌ಗೆ ಬೇರೆಯೇ ವಿಭಾಗವನ್ನು ಕೊಟ್ಟಿದ್ದರೆ, ಮುಂದೆ ವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ಹಾಕಿದರೂ ಆ ವಿಭಾಗವನ್ನು ಮುಟ್ಟಬೇಕಾಗಿಲ್ಲ. ಡೆಸ್ಕ್‌ಟಾಪೂ ಅದರಲ್ಲಿಯೇ ಇರುವುದರಿಂದ, ಆರಂಭದಲ್ಲಿ ಹೇಳಿದ ಅನಾಹುತ ಅಲ್ಲಿ ಆಗುವುದಿಲ್ಲ. ಸಾಮಾನ್ಯ ಬಳಕೆದಾರರು ವ್ಯವಸ್ಥೆಯ ಫೋಲ್ಡರುಗಳಲ್ಲಿ ಬರೆಯಲೂ ಆಗದು, ಅಳಿಸಲೂ ಆಗದು. ಅದಕ್ಕೆ ಆಡಳಿತಗಾರರ ಗುಪ್ತಪದ ಬೇಕು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಎಂಬ ವ್ಯವಸ್ಥೆ ಲಿನಕ್ಸ್ ಆಧಾರಿತವೇ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಗಣಕಯಂತ್ರ ಶಿಕ್ಷಣವೂ ಲಿನಕ್ಸ್ ಮೇಲೆ ನಡೆಯುತ್ತದೆ. ಒಂದು ಎಚ್ಚರಿಕೆ: ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆ ಬೇರೆ ಎಂದೇ ಎಣಿಸುತ್ತದೆ. ಅಲ್ಲಿ ಎರಡು ಫೋಲ್ಡರುಗಳಾಗಿದ್ದದ್ದು ವಿಂಡೋಸಿಗೆ ನಕಲು ಮಾಡಿದಾಗ ಒಂದರ ಮೇಲೊಂದು ಬೀಳಬಹುದು.

ಮ್ಯಾಕ್ ಯಂತ್ರಗಳು ಗ್ರಾಮ ಪಂಚಾಯತಿಗಳಲ್ಲಿ ಅಪರೂಪ; ಮುದ್ರಣ, ವಿನ್ಯಾಸದ ಕೆಲಸ ಮಾಡಿಕೊಡುವವರ ಬಳಿ ಇರುತ್ತವೆ. ಅದರ ಒಡಲೂ ಯುನಿಕ್ಸ್ ಮನೆತನದ್ದೇ, 2001ರಿಂದ. ಸಿಸ್ಟಮ್, ಲೈಬ್ರರಿ, ಅಪ್ಲಿಕೇಶನ್ಸ್, ಯೂಸರ್ಸ್ ಎಂಬ ನಾಲ್ಕು ಫೋಲ್ಡರುಗಳು ಎದುರಿಗಿದ್ದು, ಬಿನ್, ಇಟಿಸಿ ಮೊದಲಾದ ಯುನಿಕ್ಸ್ ಹೆಸರುಗಳು ಕಣ್ಣಿಗೆ ಬೀಳದಂತೆ ಹಿಂದೆ ಇರುತ್ತವೆ. ಲೈಬ್ರರಿ ಎಂಬ ಹೆಸರು ಮೂರು ಕಡೆ ಬರುತ್ತದೆ: ವ್ಯವಸ್ಥೆಯದೊಂದು, ಎಲ್ಲ ಬಳಕೆದಾರರಿಗೆ ಸೇರಿದ್ದೊಂದು, ಪ್ರತಿ ಬಳಕೆದಾರರ ಸ್ವಂತದ್ದೊಂದು. ವ್ಯವಸ್ಥೆಯನ್ನು ಕಾಯುವುದರಲ್ಲಿ ಮ್ಯಾಕ್ ಉಳಿದೆರಡಕ್ಕಿಂತ ಮುಂದೆ ಹೋಗಿದೆ. 2015ರಲ್ಲಿ ಸಿಸ್ಟಮ್ ಫೋಲ್ಡರನ್ನು ಆಡಳಿತಗಾರರೂ ತಿದ್ದದಂತೆ ಬಿಗಿಗೊಳಿಸಲಾಯಿತು, 2019ರಲ್ಲಿ ಅದನ್ನು ಓದಲು ಮಾತ್ರ ಬರುವ ಪ್ರತ್ಯೇಕ ವಿಭಾಗಕ್ಕೆ ಒಯ್ಯಲಾಯಿತು, 2020ರಲ್ಲಿ ಆ ವಿಭಾಗಕ್ಕೆ ಅರಗಿನ ಮುದ್ರೆಯಂತಹ ಗಣಿತದ ಮುದ್ರೆ ಬಿತ್ತು. ಒಂದು ಅಕ್ಷರ ಬದಲಾದರೂ ಯಂತ್ರಕ್ಕೆ ತಿಳಿಯುತ್ತದೆ.

ಸದಸ್ಯರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು ಸಹ ಲಿನಕ್ಸಿನ ಮೇಲೆಯೇ ಕಟ್ಟಿದ್ದು. ಸಿಸ್ಟಮ್ ವಿಭಾಗ ಓದಲು ಮಾತ್ರ. ಡೇಟಾ ವಿಭಾಗದಲ್ಲಿ ಆಪ್‌ಗಳ ಮಾಹಿತಿಯೂ ಬಳಕೆದಾರರ ಚಿತ್ರಗಳೂ ಇರುತ್ತವೆ. ಫ್ಯಾಕ್ಟರಿ ರೀಸೆಟ್ ಎಂದರೆ ಡೇಟಾ ವಿಭಾಗವನ್ನು ಒರೆಸುವುದು. ವ್ಯವಸ್ಥೆ ಉಳಿಯುತ್ತದೆ, ಚಿತ್ರಗಳು ಹೋಗುತ್ತವೆ. ಕ್ಯಾಮೆರಾದ ಚಿತ್ರಗಳು ಡಿಸಿಐಎಂ ಎಂಬ ಫೋಲ್ಡರಿನಲ್ಲಿರುತ್ತವೆ. ಕಾಮಗಾರಿಯ ಚಿತ್ರವನ್ನು ಕಚೇರಿಗೆ ಕೊಡುವಾಗ ಅಲ್ಲಿಂದಲೇ ಕೇಬಲಿನಿಂದ ನಕಲು ಮಾಡಿಸುವುದು ಮೇಲು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ತೆಗೆದ ಸ್ಥಳ ಮತ್ತು ಸಮಯದ ಗುರುತೂ ಕಳಚಿಹೋಗುತ್ತದೆ. ಚರಂಡಿ ಎಲ್ಲಿ, ಯಾವಾಗ ಆಯಿತೆಂಬ ತಕರಾರಿನಲ್ಲಿ ಬೇಕಾಗುವುದೇ ಆ ಗುರುತು.

ಕನ್ನಡದ ಕಚೇರಿಗಳಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ವ್ಯವಸ್ಥೆಯ ಫೋಲ್ಡರ್ ಇದೆ, ಫಾಂಟ್ಸ್. ವಿಂಡೋಸಿನಲ್ಲಿ ಇದು ವಿಂಡೋಸ್ ಫೋಲ್ಡರಿನೊಳಗೆ, ಲಿನಕ್ಸಿನಲ್ಲಿ ಯುಎಸ್‌ಆರ್ ಒಳಗಿನ ಶೇರ್ ಎಂಬಲ್ಲಿ, ಮ್ಯಾಕಿನಲ್ಲಿ ಮೂರು ಲೈಬ್ರರಿಗಳಲ್ಲಿಯೂ ಇರುತ್ತದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯ ಫೈಲಿನಲ್ಲಿ ಕನ್ನಡವಾಗಿ ಕುಳಿತಿರುವುದಿಲ್ಲ; ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕುಳಿತಿರುತ್ತದೆ. ಅದಕ್ಕೆ ಕನ್ನಡದ ರೂಪ ಕೊಡುವುದು ಆ ಫಾಂಟು. ಫಾರ್ಮ್ಯಾಟ್ ಮಾಡಿದಾಗ ಫಾಂಟ್ಸ್ ಫೋಲ್ಡರೂ ಹೊಸದಾಗುವುದರಿಂದ, ಜೋಪಾನವಾಗಿ ಉಳಿಸಿಕೊಂಡ ನಡಾವಳಿಯನ್ನು ತೆರೆದಾಗ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಫೈಲು ಕೆಟ್ಟಿತೆಂದು ಅಳಿಸಿದವರೂ ಇರಬಹುದು. ಅದು ಕೆಟ್ಟಿಲ್ಲ, ನುಡಿ ಫಾಂಟನ್ನು ಮತ್ತೆ ಅಳವಡಿಸಿದರೆ ಅಕ್ಷರಗಳು ಮರಳುತ್ತವೆ. ಯುನಿಕೋಡಿನಲ್ಲಿ ಬರೆದ ಪಠ್ಯಕ್ಕೆ ಈ ತೊಂದರೆಯಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ, ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು ಎಂದು ಒಂದಲ್ಲ ಒಂದು ಕನ್ನಡ ಫಾಂಟು ದೊರೆಯುತ್ತದೆ, ಅಕ್ಷರದ ಚೆಲುವು ಬದಲಾದರೂ ಓದಲು ಅಡ್ಡಿಯಿಲ್ಲ. ಹಳೆಯ ನಡಾವಳಿಗಳನ್ನು ಯುನಿಕೋಡಿಗೆ ಪರಿವರ್ತಿಸಲು ಪರಿವರ್ತಕಗಳಿವೆ. ಅದು ಆಗುವವರೆಗೆ ದಾಖಲೆಯ ಪ್ರತಿಯೊಂದಿಗೆ ಆ ಫಾಂಟಿನ ಫೈಲನ್ನೂ ಇಡುವುದು ಕ್ಷೇಮ.

ಕಳ್ಳರಿಗೂ ಈ ಮೂರು ವಾರಸುದಾರರ ಪರಿಚಯ ಚೆನ್ನಾಗಿದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಎಂಬ ದುಷ್ಟ ತಂತ್ರಾಂಶಗಳು ಸಾಮಾನ್ಯವಾಗಿ ವಿಂಡೋಸ್ ಫೋಲ್ಡರನ್ನು ಮುಟ್ಟುವುದಿಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಕೂಡ ವ್ಯವಸ್ಥೆಯ ಫೋಲ್ಡರುಗಳನ್ನು ಬಿಟ್ಟು ಜನರ ಫೈಲುಗಳನ್ನು ಹುಡುಕಿತು. ಬೆದರಿಕೆಯ ಪತ್ರ ತೋರಿಸಲು ಯಂತ್ರ ಎದ್ದಿರಬೇಕಲ್ಲ! ಯಂತ್ರಕ್ಕೆ ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವಿಗೂ ಅದು ಬೀಗ ಹಾಕುತ್ತದೆ. ಆದ್ದರಿಂದ ಪ್ರತಿ ತೆಗೆದ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಬೇಕು, ಸಾಧ್ಯವಾದರೆ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು.

ಸಾಮಾನ್ಯ ಸಭೆಯಲ್ಲಿ ದುರಸ್ತಿಯ ಬಿಲ್ಲು ಮಂಜೂರಾತಿಗೆ ಬಂದಾಗ ಸದಸ್ಯರು ಮೊತ್ತದ ಬಗ್ಗೆ ಕೇಳುತ್ತಾರೆ. ಜೊತೆಗೆ ಕೇಳಬಹುದಾದ ಪ್ರಶ್ನೆಗಳು ಸರಳವಾಗಿವೆ. ಫಾರ್ಮ್ಯಾಟಿಗೆ ಮೊದಲು ಯೂಸರ್ಸ್ ಫೋಲ್ಡರನ್ನು ಪೂರ್ತಿಯಾಗಿ, ಅಡಗಿದ ಭಾಗದ ಸಹಿತ, ಬೇರೆ ಡಿಸ್ಕಿಗೆ ನಕಲು ಮಾಡಲಾಯಿತೇ? ಆ ಡಿಸ್ಕು ಈಗ ಎಲ್ಲಿದೆ? ಅದರಿಂದ ಯಾವುದಾದರೂ ಒಂದು ನಡಾವಳಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಓದಲಾಯಿತೇ? ಮೂರನೆಯ ಪ್ರಶ್ನೆಯೇ ಮುಖ್ಯ, ಏಕೆಂದರೆ ತೆರೆದು ನೋಡದ ಪ್ರತಿಗೆ ಪ್ರತಿಯೆಂಬ ಹೆಸರು ಮಾತ್ರ ಇರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ವ್ಯವಸ್ಥೆ ಬದಲಿಸುವ, ಯಂತ್ರವನ್ನೇ ಬದಲಿಸುವ ಕೆಲಸ ಅನೇಕ ಕಚೇರಿಗಳ ಮುಂದಿದೆ. ಈ ಪ್ರಶ್ನೆಗಳಿಗೆ ಇದೇ ಸಮಯ.

ಹಳೆಯ ಯಂತ್ರವನ್ನು ವಿಲೇವಾರಿ ಮಾಡುವಾಗ ಇದೇ ಯೂಸರ್ಸ್ ಫೋಲ್ಡರಿನ ಇನ್ನೊಂದು ಮುಖ ಕಾಣುತ್ತದೆ. ಅದರ ಡೌನ್‌ಲೋಡ್ಸ್‌ನಲ್ಲಿ ವರ್ಷಗಟ್ಟಲೆ ಬಂದು ಬಿದ್ದ ಆಧಾರ್ ಪ್ರತಿಗಳು, ಪಡಿತರ ಚೀಟಿಗಳು, ಬ್ಯಾಂಕ್ ಪಾಸ್ ಪುಸ್ತಕದ ಮೊದಲ ಪುಟಗಳು ಇರುತ್ತವೆ. ಊರಿನ ಬಡವರು ಮನೆಗೋ ಪಿಂಚಣಿಗೋ ಅರ್ಜಿ ಹಾಕುವಾಗ ನಂಬಿ ಕೊಟ್ಟವು. ಕಸದ ಬುಟ್ಟಿಗೆ ಹಾಕಿ ಖಾಲಿ ಮಾಡಿದರೂ, ಅವಸರದ ಫಾರ್ಮ್ಯಾಟ್ ಮಾಡಿದರೂ, ಹಾರ್ಡ್ ಡಿಸ್ಕಿನಿಂದ ಅವುಗಳನ್ನು ಮರಳಿ ಎತ್ತುವ ಸಲಕರಣೆಗಳು ಪೇಟೆಯಲ್ಲಿವೆ. ಯಂತ್ರವನ್ನು ಹರಾಜಿಗೆ ಇಡುವ ಮುನ್ನ ದಾಖಲೆಗಳ ಪ್ರತಿ ತೆಗೆದು, ಡಿಸ್ಕನ್ನು ಪೂರ್ತಿ ಒರೆಸಬೇಕು. ಅದಕ್ಕೆ ತಿಳಿದವರು ದೊರೆಯದಿದ್ದರೆ ನಾಲ್ಕು ತಿರುಪುಗಳನ್ನು ಬಿಚ್ಚಿ ಡಿಸ್ಕನ್ನು ಹೊರತೆಗೆದು, ದಾಸ್ತಾನು ವಹಿಯಲ್ಲಿ ನಮೂದಿಸಿ, ಕಚೇರಿಯ ಬೀರುವಿನಲ್ಲಿಟ್ಟು, ಉಳಿದ ಯಂತ್ರವನ್ನಷ್ಟೇ ಹರಾಜಿಗೆ ಕಳುಹಿಸಬಹುದು.